ಒಂದು ಬೆರಳಗಲ ಹೆಚ್ಚು

ನಮ್ಮ ಅಕ್ಕನಿಗೆ ಒಂದು ಚಾಳಿ. ಯಾವ ಲೆಕ್ಕವಾದರೂ ಎಡ ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಳ್ಳುತ್ತಾಳೆ. ಚಿಕ್ಕಂದಿನಲ್ಲಿ ನಾನು ಬಿಡಿಸಿದ ಲೆಕ್ಕವನ್ನೆಲ್ಲ ಆ ಅಂಗೈ ಮೇಲೆ ಇನ್ನೊಮ್ಮೆ ಬಿಡಿಸಿ ನೋಡಿ, ಆಮೇಲೇ ನನ್ನನ್ನು ಶಾಲೆಗೆ ಬಿಡುತ್ತಿದ್ದಳು. ನಾನು ಹೆಣೆದುಕೊಂಡ ಜಡೆಯನ್ನೂ ಬಿಚ್ಚಿ ತಾನೇ ಹೆಣೆಯುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನನ್ನ ಜಡೆ ಚೆನ್ನಾಗಿಯೇ ಇರುತ್ತಿತ್ತು.

ಇಂಥ ನಾವಿಬ್ಬರೂ ದೊಡ್ಡವರಾಗಿ ಒಂದೇ ಕೆಲಸಕ್ಕೆ ಬಂದು ಬಿದ್ದೆವು. ಕಡಲ ತಳದಲ್ಲಿ ಅನಿಲ ಸಾಗಿಸುವ ಉಕ್ಕಿನ ಕೊಳವೆ. ಆಚೆ ದಡದಿಂದ ಅಕ್ಕನ ಹಡಗು, ಈಚೆ ದಡದಿಂದ ನನ್ನದು. ಪೈಪಿಗೆ ಪೈಪು ಬೆಸೆಯುತ್ತ, ನೀರಿಗೆ ಇಳಿಸುತ್ತ ಎರಡು ವರ್ಷ ಎದುರುಬದುರು ಬಂದೆವು. ಕೊನೆಗೆ ಎರಡು ತುದಿಗಳ ನಡುವೆ ಒಂದು ಸಂದು ಉಳಿಯಿತು. ಅದರಲ್ಲಿ ಸರಿಯಾಗಿ ಕೂರುವ ಕೊನೆಯ ತುಂಡನ್ನು ಮಾಡುವ ಹೊಣೆ ನನ್ನದು, ನಾನೇ ಕೇಳಿ ಪಡೆದದ್ದು. "ಆಗುತ್ತಾ ನಿಮ್ಮಿಂದ?" ಎಂದ ಮೇಲಧಿಕಾರಿಗೆ, "ಆಗದಿದ್ರೆ ಕೇಳ್ತಿದ್ನಾ ಸಾರ್?" ಎಂದಿದ್ದೆ.

ತುಂಡು ಕೂತರೆ ಕೆಲಸ ಮುಗಿಯಿತು. ಕೂರದಿದ್ದರೆ ಕಡಲು ಕೆರಳುವ ಕಾಲ ಬಂದುಬಿಡುತ್ತದೆ. ಮುಂದಿನ ಬೇಸಗೆಯವರೆಗೆ ಎರಡು ಹಡಗೂ ಕೈಕಟ್ಟಿ ಕೂರಬೇಕು. ಆಮೇಲೆ ಅಂಥ ಹೊಣೆ ನನ್ನ ಕೈಗಂತೂ ಬರುವುದಿಲ್ಲ. ತುಂಡು ಸಿದ್ಧವಾದ ದಿನ, ಹವಾಮಾನದವರು ಮಾರನೆಯ ಸಂಜೆಯವರೆಗೆ ಮಾತ್ರ ಗಡುವು ಕೊಟ್ಟಿದ್ದರು.

ನೀರಿಗೆ ಯಂತ್ರ ಇಳಿಸಿ ಸಂದನ್ನು ಅಳೆಯುವುದು ಅಕ್ಕನ ಪಾಲಿಗೆ ಬಂದಿತ್ತು. ಅಳೆದು ಫೋನಿನಲ್ಲಿ ಒಂದು ಅಂಕಿ ಹೇಳಿದಳು. ಉಕ್ಕು ಬಿಸಿಲಲ್ಲಿ ಹಿಗ್ಗುತ್ತದೆ, ತಳದ ತಣ್ಣೀರಲ್ಲಿ ಕುಗ್ಗುತ್ತದೆ. ಆದ್ದರಿಂದ ಮೇಲೆ ಕತ್ತರಿಸುವಾಗ ಇಷ್ಟುದ್ದದ ತುಂಡಿಗೆ ಒಂದು ಬೆರಳಗಲ ಹೆಚ್ಚಿಗೆ ಇಡಬೇಕು. ನಾನು ಇಟ್ಟೆ. ತುಂಡು ಸಿದ್ಧವಾಗಿ, ಕ್ರೇನಿನ ಕೊಕ್ಕೆಗೆ ಪಟ್ಟಿ ಸಿಗಿಸುವ ಹೊತ್ತಿಗೆ ಅಕ್ಕ ದೋಣಿಯಲ್ಲಿ ನಮ್ಮ ಹಡಗಿಗೆ ಬಂದಳು.

ಬಂದವಳೇ ನನ್ನ ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿದಳು, ನಾನೇನೋ ಎಳೆಗೂಸು ಎಂಬಂತೆ. ಆಗ ಅವಳ ಅಂಗೈ ಕಣ್ಣಿಗೆ ಬಿತ್ತು. ಒಂದರ ಕೆಳಗೊಂದು ಎರಡು ಅಂಕಿ. ಕೆಳಗಿನದು ಅವಳು ನನಗೆ ಹೇಳಿದ್ದು. ಮೇಲಿನದು ಅದಕ್ಕಿಂತ ಒಂದು ಬೆರಳಗಲ ಕಡಿಮೆ.

"ಮೇಲಿಂದು ಏನಕ್ಕ?"

"ಯಂತ್ರ ಕೊಟ್ಟ ಅಳತೆ."

"ಕೆಳಗಿಂದು?"

"ತಣ್ಣೀರಿಗೆ ಅಂತ ಸೇರಿಸಿದ್ದು. ನೀನು ಗಡಿಬಿಡಿಯವಳು, ಮರೀತೀಯ ಅಂತ ನಾನೇ ಸೇರಿಸಿ ಹೇಳ್ದೆ."

"ನಾನೂ ಸೇರಿಸಿದೀನಿ ಕಣಕ್ಕಾ!"

ನಮ್ಮ ಹಿರಿಯ ವೆಲ್ಡರ್‌ಗೆ ಎಲ್ಲರೂ ಗೊಣಗಣ್ಣ ಎನ್ನುತ್ತಾರೆ. ಅವನು ಕೈಲಿದ್ದ ಕ್ರೇನಿನ ಪಟ್ಟಿಯನ್ನು ಕೆಳಗೆ ಹಾಕಿದ. "ಅಕ್ಕನೂ ಉಪ್ಪು ಹಾಕಿದಾಳೆ, ತಂಗೀನೂ ಉಪ್ಪು ಹಾಕಿದಾಳೆ. ಉಣ್ಣೋ ಕರ್ಮ ನಮ್ದು."

ನನಗೆ ಸಿಟ್ಟು ನೆತ್ತಿಗೇರಿತ್ತು. ಬಾಯಿಗೆ ಬಂದದ್ದು ಅಂದುಬಿಡಬೇಕೆಂದು ತಿರುಗಿದರೆ ಅಕ್ಕನ ಮುಖ ಬಿಳಿಚಿಕೊಂಡಿತ್ತು. "ನನ್ನಿಂದ ಎಲ್ಲ ಹಾಳಾಯ್ತಲ್ಲೇ" ಎಂದಳು. ಅವಳು ಹಾಗೆ ಹೆದರಿದ್ದನ್ನು ನಾನು ಎಂದೂ ಕಂಡಿರಲಿಲ್ಲ. ಬಾಯಿಗೆ ಬಂದದ್ದನ್ನು ನುಂಗಿಕೊಂಡೆ.

"ಏನೂ ಹಾಳಾಗಿಲ್ಲ. ಕಡಿಮೆ ಆಗಿದ್ರೆ ಅಳಬೇಕಿತ್ತು. ಹೆಚ್ಚಾಗಿದೆ, ಕತ್ತರಿಸಿದ್ರಾಯ್ತು," ಎಂದೆ. "ಆದ್ರೆ ಒಂದು ಮಾತು. ನೀನು ಅಳೆದಿದ್ದನ್ನ ನಾನು ಮತ್ತೆ ಅಳೆಯಲ್ಲ. ನಾನು ಹಾಕಿದ ಲೆಕ್ಕಾನ ನೀನು ಮತ್ತೆ ಹಾಕಬಾರದು."

"ತಪ್ಪಾದ್ರೆ?"

"ತಪ್ಪಾಗಲ್ಲ."

ನಾನು ಮೇಲಿನ ಅಂಕಿಯನ್ನು ಬರೆದುಕೊಂಡ ಮೇಲೆ, ಅವಳು ಚಿಂದಿಬಟ್ಟೆಯಲ್ಲಿ ಅಂಗೈಯನ್ನು ಉಜ್ಜಿ ಒರೆಸಿಕೊಂಡಳು. ಸುಳ್ಳೇಕೆ ಹೇಳಲಿ, ಅವಳು ಮತ್ತೆ ಲೆಕ್ಕ ಹಾಕುವುದಿಲ್ಲ ಎಂದು ನಾನು ನಂಬಲಿಲ್ಲ. ಹುಟ್ಟುಗುಣ ಅಷ್ಟು ಸುಲಭಕ್ಕೆ ಬಿಡುತ್ತದೆಯೇ?

ಗೊಣಗಣ್ಣ ಗೊಣಗುತ್ತಲೇ ತುಂಡಿನ ತುದಿಗೆ ಬೆಸೆದಿದ್ದ ಜೋಡಣೆಯ ಉಂಗುರ ಬಿಡಿಸಿ, ನಾನು ಗೆರೆ ಎಳೆದಲ್ಲಿ ಪೈಪು ಕತ್ತರಿಸಿ, ಉಂಗುರವನ್ನು ಮತ್ತೆ ಬೆಸೆದ. ಎಕ್ಸ್‌ರೇಯಲ್ಲಿ ಬೆಸುಗೆ ಗಟ್ಟಿ ಎಂದು ಬಂತು. ಮಾರನೆಯ ಮಧ್ಯಾಹ್ನ ತುಂಡನ್ನು ನೀರಿಗೆ ಇಳಿಸಿದೆವು.

ಕ್ಯಾಬಿನ್ನಿನ ಪರದೆ ಮೇಲೆ ಹಸಿರು ನೀರು, ಯಂತ್ರದ ದೀಪ, ತೂಗುತ್ತ ಇಳಿಯುವ ನಮ್ಮ ತುಂಡು. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳ ಎಡಗೈ ಮುಷ್ಟಿ ಕಟ್ಟಿತ್ತು. ಅಂಕಿ ಆ ಮುಷ್ಟಿಯೊಳಗಿದೆ ಎಂದು ನನಗೆ ಖಾತ್ರಿಯಾಗಿತ್ತು. ರಾತ್ರಿ ಕೂತು ಲೆಕ್ಕ ಹಾಕಿರುತ್ತಾಳೆ, ತಪ್ಪಿದ್ದಿದ್ದರೆ ಬಾಯಿ ಬಿಡುತ್ತಿದ್ದಳು ಎಂದುಕೊಂಡೆ. ನಿಜ ಹೇಳಬೇಕೆಂದರೆ ಅದರಿಂದ ಸ್ವಲ್ಪ ಧೈರ್ಯವೂ ಬಂತು.

ತುಂಡು ಒಂದು ತುದಿಗೆ ತಾಗಿತು. ಇನ್ನೊಂದು ತುದಿ ಸಂದಿನ ಬಾಯಲ್ಲಿ ಒಂದು ಕ್ಷಣ ನಿಂತಿತು, ಆಮೇಲೆ ಮೆಲ್ಲಗೆ ಜಾರಿ ಒಳಗೆ ಕೂತಿತು. ಕ್ಯಾಬಿನ್ನಿನಲ್ಲಿ ಒಂದೇ ಗದ್ದಲ. ಗೊಣಗಣ್ಣ ಕೂಡ ಸಿಳ್ಳೆ ಹೊಡೆದ.

ನಾನು ಅಕ್ಕನ ಮುಷ್ಟಿಯನ್ನು ಹಿಡಿದು ಬಿಡಿಸಿದೆ. ಒಳಗೆ ಏನೂ ಇರಲಿಲ್ಲ. ಬೆವರು, ಮತ್ತು ಅವಳದೇ ಉಗುರು ನೆಟ್ಟ ಕೆಂಪು ಗುರುತು, ಅಷ್ಟೇ.

"ಏನೇ ಹುಡುಕ್ತಿದೀಯ?" ಎಂದಳು.

ಹೆಲ್ಮೆಟ್ ತೆಗೆದೆ. ನಿನ್ನೆಯಿಂದ ಬಾಚದ ಜಡೆ ಅರ್ಧ ಬಿಚ್ಚಿಹೋಗಿತ್ತು. ಅವಳಿಗೆ ಬೆನ್ನು ಮಾಡಿ ಕೂತು, "ಹೆಣೆದುಕೊಡು" ಎಂದೆ.