ಸಾಸಿವೆಯ ಮುಂದಿನ ಹಲ್ಲು

ನಮ್ಮ ಸ್ಟುಡಿಯೋದಿಂದ ಚೆಂದವಾಗದೆ ಹೊರಗೆ ಹೋದ ಮುಖವೇ ಇಲ್ಲ. ಅಣ್ಣ ಮೊನಚು ಪೆನ್ಸಿಲ್ ಹಿಡಿದು ನೆಗೆಟಿವ್ ಮೇಲೆ ಚುಕ್ಕೆ ಚುಕ್ಕೆಯಾಗಿ ಗೀಚಿದನೆಂದರೆ ಮೊಡವೆ ಮಾಯ, ಸುಕ್ಕು ಮಾಯ, ಅಜ್ಜಿಯರೆಲ್ಲ ಮದುಮಗಳಂತೆ ಹೊಳೆಯುತ್ತಿದ್ದರು. ನಾನು ಮುಂದಿನ ಮೇಜಿನಲ್ಲಿ ಕೂತು ಫೋಟೋಗಳ ಅಂಚು ಕತ್ತರಿಸುತ್ತಿದ್ದೆ. ನಮ್ಮಿಬ್ಬರ ನಡುವೆ ಅಣ್ಣನ ಮಗಳು ಸಾಸಿವೆ. ಸದಾ ಚಟಪಟ ಎನ್ನುತ್ತಿದ್ದಳೆಂದು ನಾನೇ ಇಟ್ಟ ಹೆಸರು. ಕೆಳಗೆ ಬಿದ್ದ ಅಂಚುಗಳನ್ನು ಬಳೆ ಮಾಡಿ ಮೊಣಕೈವರೆಗೂ ಏರಿಸಿಕೊಂಡು, "ಅತ್ತೆ, ಈ ಮಾಮನಿಗೆ ನಗು ಬರಲ್ವಂತೆ, ಕಚಗುಳಿ ಇಡ್ಲಾ?" ಎನ್ನುತ್ತಿದ್ದಳು. ಎಂಥ ಗಂಟುಮುಖದವನೂ ಹಲ್ಲು ಕಿರಿಯುತ್ತಿದ್ದ. ಆ ಮಧ್ಯಾಹ್ನಗಳು ನನಗೆ ಇನ್ನೂ ಬೇಕು.

ಅವಳ ಮುಂದಿನ ಹಲ್ಲು ಬಿದ್ದ ವಾರವೇ ಶಾಲೆಯವರು ಫೋಟೋ ಕೇಳಿದರು. ಅವಳಿಗೋ ಆ ಕಿಂಡಿಯೆಂದರೆ ಎಲ್ಲಿಲ್ಲದ ಜಂಭ. ನಾಲಗೆ ತೂರಿಸಿ ಬೀದಿಗೆಲ್ಲ ತೋರಿಸಿ ಬಂದಿದ್ದಳು. ಅಣ್ಣನ ಕೈ ಸುಮ್ಮನಿರಬೇಕಲ್ಲ, ಪೆನ್ಸಿಲಿನಿಂದ ಅಲ್ಲೊಂದು ಹಲ್ಲು ಕೂರಿಸಿಬಿಟ್ಟ. ಫೋಟೋ ನೋಡಿದ್ದೇ ಅಪ್ಪನ ಜತೆ ಠೂ ಬಿಟ್ಟಳು. "ಇದು ನಾನಲ್ಲ, ಯಾರೋ ಪಕ್ಕದ್ಮನೆಯವಳು" ಎಂದಳು. ನಾವು ಬಿದ್ದು ಬಿದ್ದು ನಕ್ಕೆವು.

ಅದೇ ತಿಂಗಳು ಅವಳನ್ನು ಒಬ್ಬ ಕೊಂದ. ಅವನ ಹೆಸರನ್ನು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ, ಇಲ್ಲಿ ನಾನೂ ಎತ್ತುವುದಿಲ್ಲ.

ಪೊಲೀಸರಿಗೆ ಕೊಡಲು ಇದ್ದದ್ದು ಅದೊಂದೇ ಫೋಟೋ. ಊರ ಮಕ್ಕಳ ಫೋಟೋಗಳನ್ನೆಲ್ಲ ತೆಗೆದ ಅಣ್ಣ ಸ್ವಂತ ಮಗಳದ್ದು ಮಾತ್ರ ನಾಳೆ ತೆಗೆದರಾಯ್ತು ಎನ್ನುತ್ತ ಬಂದಿದ್ದ. ನೆಗೆಟಿವ್ ಕೋರ್ಟಿನ ಕಡತ ಸೇರಿತು. ಪೇಪರಿನಲ್ಲಿ, ಗೋಡೆಗಳ ಮೇಲೆ, ಮೆರವಣಿಗೆಯ ಕೋಲುಗಳ ತುದಿಯಲ್ಲಿ ಆ ತುಂಬು ಹಲ್ಲಿನ ಹುಡುಗಿಯೇ ನಕ್ಕಳು; ಕೆಳಗೆ 'ಅವನನ್ನು ನೇಣಿಗೇರಿಸಿ' ಎಂದಿರುತ್ತಿತ್ತು. ಏರಿಸಲಿ ಎಂದು ನಾನೂ ಗಂಟಲು ಹರಿಯುವಂತೆ ಕೂಗಿದ್ದೇನೆ. ಈಗ ಕೇಳಿದರೂ ಅದನ್ನೇ ಹೇಳುತ್ತೇನೆ, ನನಗೆ ಯಾರೂ ಬುದ್ಧಿ ಹೇಳಲು ಬರಬೇಡಿ.

ಆದರೆ ಅತ್ತಿಗೆ ಮೆರವಣಿಗೆಗೆ ಬರುವುದನ್ನೇ ಬಿಟ್ಟಳು. ವರ್ಷಗಳು ಉರುಳಿ, ಅವನ ಕೊನೆಯ ಕ್ಷಮಾದಾನದ ಅರ್ಜಿಯೂ ತಿರಸ್ಕಾರವಾಗಿ, ನೇಣಿನ ದಿನ ಗೊತ್ತಾದಾಗ ಅಣ್ಣನಿಗೆ ಹೇಳಿದಳು: "ಕಣ್ಣು ಮುಚ್ಚಿದ್ರೆ ಆ ಪೋಸ್ಟರ್ ಹುಡುಗೀನೇ ಬರ್ತಾಳೆ ಕಣ್ರೀ. ನನ್ನ ಮಗಳ ಮುಖ ಮರ್ತೇ ಹೋಗ್ತಿದೆ. ಅವನನ್ನ ಏನ್ ಬೇಕಾದ್ರೂ ಮಾಡ್ಲಿ. ನಂಗೆ ಅವಳ ಮುಖ ಬೇಕು."

ಅಣ್ಣ ಕೋರ್ಟಿಗೆ ಅಲೆದಲೆದು ನೆಗೆಟಿವ್ ಬಿಡಿಸಿಕೊಂಡು ಬಂದ. ಪೆನ್ಸಿಲ್ ಗೀಚನ್ನು ಟರ್ಪೆಂಟೈನ್ ಅದ್ದಿದ ಹತ್ತಿಯಿಂದ ಒರೆಸಿ ತೆಗೆಯಬಹುದು. ಆದರೆ ಫಿಲ್ಮು ಹಳೆಯದಾಗಿತ್ತು. ಕೈ ತುಸು ಬಿಗಿಯಾದರೂ ಗೀಚಿನ ಜತೆ ಬಾಯಿ, ಕೆನ್ನೆ ಎಲ್ಲ ಎದ್ದು ಬರುತ್ತದೆ. ಬೇರೆ ನೆಗೆಟಿವ್ ಇಲ್ಲ. ದಿನಗಟ್ಟಲೆ ಮುಂದಿಟ್ಟುಕೊಂಡು ಕೂತ, ಮುಟ್ಟಲು ಧೈರ್ಯ ಬರಲಿಲ್ಲ.

"ಇರೋದೂ ಹೋದ್ರೆ?" ಎಂದ.

"ಇರೋದು ಅವಳಲ್ವಲ್ಲ," ಎಂದಳು ಅತ್ತಿಗೆ.

ನೇಣಿನ ಬೆಳಗ್ಗೆ ಸ್ಟುಡಿಯೋ ಮುಂದೆ ಜನ ಸೇರಿದ್ದರು. ಎಲ್ಲರ ಕೈಯಲ್ಲೂ ಅದೇ ಪೋಸ್ಟರ್, ಒಬ್ಬನ ಕೈಯಲ್ಲಿ ಸಿಹಿ ಡಬ್ಬಿ, ಯಾರು ತರಿಸಿದರೋ. ಗಂಡ ಹೆಂಡತಿ ಫೋಟೋ ತೊಳೆಯುವ, ಮಂದ ಕೆಂಪು ದೀಪದ ಕತ್ತಲೆ ಕೋಣೆ ಹೊಕ್ಕು ಬಾಗಿಲು ಹಾಕಿಕೊಂಡಿದ್ದರು. ಹತ್ತಿಯಿಂದ ಒರೆಸಿಯಾಗಿತ್ತು. ಮುಖ ಉಳಿದಿದೆಯೋ ಇಲ್ಲವೋ, ಕಾಗದದ ಮೇಲೆ ಮೂಡಿದಾಗಲೇ ಗೊತ್ತಾಗಬೇಕು.

ಫೋನ್ ಬಂತು. ನಮ್ಮ ವಕೀಲರು.

"ಮುಗೀತಮ್ಮ. ಅಣ್ಣನಿಗೆ ಕೊಡಿ, ಪೇಪರಿನವರಿಗೆ ಅವರದೊಂದು ಮಾತು ಬೇಕಂತೆ."

ಇಷ್ಟು ವರ್ಷ ನಾನು ಕಾದದ್ದು ಈ ಮಾತಿಗೇ. ಫೋನ್ ಹಿಡಿದೇ ಓಡಿ ಹೋಗಿ ಕತ್ತಲೆ ಕೋಣೆಯ ಬಾಗಿಲು ತಟ್ಟಿದೆ. "ಅಣ್ಣಾ, ಮುಗೀತಂತೆ. ಬಾಗಿಲು ತೆಗಿ."

"ತಳ್ಳಬೇಡ, ಬೆಳಕು ಬಿದ್ರೆ ಕಪ್ಪಾಗುತ್ತೆ." ಎಂದ ಅಣ್ಣ. "ಬರ್ತಾ ಇದ್ದಾಳೆ ಕಣೇ. ಹಣೆ ಬಂತು. ಕಣ್ಣು ಬಂತು."

ನಾನು ಬಾಗಿಲಿಗೆ ಕಿವಿ ಹಚ್ಚಿ ನಿಂತೆ. ಆಮೇಲೆ ಅತ್ತಿಗೆ ನಕ್ಕದ್ದು ಕೇಳಿಸಿತು, ಅಷ್ಟು ವರ್ಷಗಳ ಮೇಲೆ. "ನೋಡ್ರೀ, ಕಿಂಡಿ," ಎಂದಳು. ಹಾಗೇ ಅಳತೊಡಗಿದಳು, ನಗುತ್ತಲೇ.

ಫೋನಿನಲ್ಲಿ ವಕೀಲರು ಹಲೋ ಹಲೋ ಎನ್ನುತ್ತಲೇ ಇದ್ದರು.

"ಆಮೇಲೆ ಮಾಡಿ ಸಾರ್," ಎಂದೆ. "ಮಗಳ ಜತೆ ಇದ್ದಾರೆ."