ಲಕ್ಕಯ್ಯನ ಎಡದವಡೆ

"ಈ ಹಲ್ಲಲ್ಲೇ ಹಗ್ಗ ಕಚ್ಕಂಡು ರೈಲು ಎಳ್ದಿವ್ನಿ ಕಣ ಸಾ! ಶ್ರವಣಬೆಳಗೊಳದಿಂದ ಆಸನಕ್ಕೆ, ಹದಿನಾರು ಬೋಗಿ!"

ಚಟ್ಟಕ್ಕೆ ಬಿದಿರು ಸೀಳುತ್ತಿದ್ದ ಕಟ್ಟಾಯದ ಲಕ್ಕಯ್ಯ ಮಚ್ಚು ನಿಲ್ಲಿಸದೆಯೇ ಎಡಗೆನ್ನೆ ತಟ್ಟಿಕೊಂಡ.

"ಡ್ರೈವರ್ ಮಲ್ಕಂಡಿದ್ನಾ ಲಕ್ಕಣ್ಣ?" ಎಂದಳು ಕ್ಲಿನಿಕ್ಕಿನ ಆಯಾ ಮಾದಮ್ಮ, ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ.

ಹೊಳೆನರಸೀಪುರದ ಆ ಜಗಲಿಯಲ್ಲಿ ಹಲ್ಲಿನ ಡಾಕ್ಟರು ಸಂಪತ್ಕುಮಾರರು ಮಲಗಿದ್ದರು. ಊರಿನ ಅರ್ಧ ಬಾಯಿಗಳನ್ನು ತೆರೆಸಿದ್ದವರ ಬಾಯಿಗೆ ನೆಂಟರು ಅಕ್ಕಿಕಾಳು ಹಾಕುತ್ತಿದ್ದರು.

ರೈಲು ಸುಮ್ಮನೆ ಹೊರಟದ್ದಲ್ಲ. ಡಾಕ್ಟರ ಅಣ್ಣನ ಮಗ ಸುದರ್ಶನ್, ಹಾಸನದಲ್ಲಿ ಗಾಜಿನ ಕ್ಲಿನಿಕ್ಕಿಟ್ಟ ಹಲ್ಲಿನ ವೈದ್ಯ, ಚಿಕ್ಕಪ್ಪನ ಹಳೆಯ ನೋಟುಬುಕ್ಕುಗಳ ಕಟ್ಟು ಹಿಡಿದು, ತಾನೂ ಹಲ್ಲಿನ ಡಾಕ್ಟರಾಗಿದ್ದ ಅವರ ಮಗಳಿಗೆ ಹೇಳಿದ್ದ: "ಚಿಕ್ಕಪ್ಪ ಇವನ್ನೇ ನಂಬ್ಕೊಂಡು ಕೂತ್ರು. ಅವರ ಜೊತೇಲೇ ಕಳಿಸಿಬಿಡೋಣ ಸಂಹಿತಾ. ಹದಿಮೂರು ದಿನ ಕಳೀಲಿ, ನೀನು ಕ್ಲಿನಿಕ್ಕಿನ ಬಾಗಿಲು ತೆಗೆದು ಹೊಸ ಮೆಟೀರಿಯಲ್ ಹಾಕು. ಹುಳುಕಿಗೆ ಬೆಳ್ಳಿ ಸಿಮೆಂಟು ತುಂಬೋ ಕಾಲ ಮುಗೀತು."

ಲಕ್ಕಯ್ಯನ ರಕ್ತ ಕುದ್ದು ಹೇಮಾವತಿಯ ನೀರೇ ಬಿಸಿಯಾಯಿತು.

* * *

ಯಾರ ಬಾಯಿ, ಯಾವ ಹಲ್ಲು, ಯಾವ ಸಿಮೆಂಟು, ಎಂದು ತುಂಬಿದ್ದು: ಎಲ್ಲ ಆ ಬುಕ್ಕಿನಲ್ಲಿತ್ತು. ವರ್ಷಕ್ಕೊಮ್ಮೆ ಮಾದಮ್ಮ ಅರಕಲಗೂಡಿನಿಂದ ಚನ್ನರಾಯಪಟ್ಟಣದವರೆಗೂ ಫೋನು ಮಾಡಿ ಕರೆಯುತ್ತಿದ್ದಳು: "ಬಂದು ಬಾಯಿ ತೆಗೀರಿ, ಸಾಹೇಬ್ರು ನೋಡ್ಬೇಕಂತೆ."

ಒಮ್ಮೆ ಕಂಪನಿಯವನೊಬ್ಬ ಹೊಸ ಸಿಮೆಂಟಿನ ಹೊಳೆಯುವ ಡಬ್ಬಿ ತಂದ. "ಸರ್, ಬೆಂಗಳೂರಲ್ಲೆಲ್ಲ ಇದೇ."

"ಐದು ವರ್ಷ ಆದ್ಮೇಲೆ ನೂರರಲ್ಲಿ ಎಷ್ಟು ಬಾಯಲ್ಲಿ ಉಳಿದಿತ್ತು?"

"ಬಂದೇ ಆರು ತಿಂಗಳು ಸರ್."

"ಹಾಗಾದ್ರೆ ನಾಲ್ಕೂವರೆ ವರ್ಷ ಬಿಟ್ಟು ಬನ್ನಿ. ಈಗ ಕಾಫಿ ಕುಡೀರಿ."

ತಾವೇ ಮೆಚ್ಚಿ ತಂದ ಬಿಳಿ ಸಿಮೆಂಟು ನಲವತ್ತು ಬಾಯಿಗಳಲ್ಲಿ ಹನ್ನೊಂದರಲ್ಲಿ ಉದುರಿದಾಗ ಡಾಕ್ಟರು ಅದನ್ನೂ ಎತ್ತಿ ಹೊರಗಿಟ್ಟರು.

ಇದನ್ನೆಲ್ಲ ಲಕ್ಕಯ್ಯ ನೋಡಿದ್ದು ಬಾಗಿಲ ಬೆಂಚಿನಿಂದ. ಕುರ್ಚಿ ಹತ್ತುತ್ತಿರಲಿಲ್ಲ.

"ಹೇಗಿದೆಯೋ ಹಲ್ಲು?"

"ಕಲ್ಲು ಸಾ, ಕಲ್ಲು!"

ಡಾಕ್ಟರು ಏನೋ ಬರೆದುಕೊಳ್ಳುತ್ತಿದ್ದರು.

* * *

"ಇಪ್ಪತ್ತೆಂಟು ವರ್ಷ ಆಯ್ತು! ನಮ್ಮ ಸಾಹೇಬ್ರು ತುಂಬಿದ ಬೆಳ್ಳಿ ಒಸಿನಾದ್ರೂ ಅಲ್ಲಾಡೈತಾ ಕೇಳಿ ಸಾ!"

ಸುದರ್ಶನ್ ಹತ್ತಿರ ಬಂದ. "ಎಲ್ಲಿ, ಬಾಯಿ ತೆಗೀರಿ."

ಮಚ್ಚು ನಿಂತಿತು. "ಸಾವಿನ ಮನೇಲಿ ಬಾಯಿ ತೆಗೀಬಾರ್ದು ಸಾ."

"ಇಷ್ಟೊತ್ತು ರೈಲು ಓಡ್ಸಿದ್ದು ಯಾವ ಬಾಯಲ್ಲಿ?" ಎಂದಳು ಮಾದಮ್ಮ.

ಸುದರ್ಶನ್ ನಕ್ಕ. "ನೋಡಿದ್ಯಾ ಸಂಹಿತಾ? ಈ ಬುಕ್ಕಲ್ಲಿರೋದೆಲ್ಲ ಇಂಥ ರೈಲೇ."

ಲಕ್ಕಯ್ಯ ಮಚ್ಚನ್ನು ಕೆಳಗಿಟ್ಟ. ಡಾಕ್ಟರ ಮಾನ ಉಳಿಸಲು ಹೊರಟು ತಾನೇ ಅವರ ಬುಕ್ಕಿಗೆ ಬೆಂಕಿ ಹಚ್ಚಿದ್ದ.

ಸಂಹಿತಾ ಕಟ್ಟನ್ನು ಕಿತ್ತುಕೊಂಡು, ಹಾಳೆ ಮಗುಚಿ ಓದಿದಳು: "ಲಕ್ಕಯ್ಯ, ಕಟ್ಟಾಯ. ಎಡ ಕೆಳದವಡೆ, ಬೆಳ್ಳಿ. ಕಲ್ಲಿನ ಹಾಗಿದೆ ಎನ್ನುತ್ತಾನೆ. ಬಾಯಿ ತೆಗೆಯಲಿಲ್ಲ. ಎಣಿಕೆಗೆ ಸೇರಿಸಿಲ್ಲ."

ಮರುವರ್ಷವೂ ಅದೇ ಸಾಲು. ಅದರ ಮರುವರ್ಷವೂ. ಕೊನೆಯದು ಈ ಜೂನಿನದು. ನಡುಗುವ ಅಕ್ಷರ, ಅದೇ ಮಾತು.

"ಅಪ್ಪ ಕಣ್ಣಾರೆ ನೋಡಿದ್ದನ್ನ ಮಾತ್ರ ಎಣಿಸಿದ್ದಾರೆ ಸುದರ್ಶನಣ್ಣ. ಇವು ಚಿತೆಗೆ ಹೋಗೋಲ್ಲ. ನಿನ್ನ ಮೆಟೀರಿಯಲ್ಲಿಗೂ ಇದರಲ್ಲೇ ಒಂದು ಹಾಳೆ ಕೊಡ್ತೀನಿ. ಐದು ವರ್ಷ ಬಾಯಲ್ಲಿ ನಿಲ್ಲಲಿ, ಆಮೇಲೆ ಮಾತಾಡೋಣ."

ಲಕ್ಕಯ್ಯ ಹೆಗಲ ಟವೆಲ್ಲು ಕೈಗೆ ತೆಗೆದುಕೊಂಡ.

"ಸುಳ್ಳು ಕಣವ್ವಾ. ಬೆಳ್ಳಿ ತುಂಬ್ದಾಗ ಒಂದಿನ ಆ ಕಡೆ ಅಗೀಬ್ಯಾಡ ಅಂದಿದ್ರು. ಅವತ್ತೇ ಮಧ್ಯಾನ ಶಾಂತಿಗ್ರಾಮದ ಬೀಗರೂಟದಾಗೆ ಪಂದ್ಯ ಕಟ್ಟಿ ಮೂಳೆ ಕಡುದ್ಬುಟ್ಟೆ. ಸಿಮೆಂಟೂ ಓಯ್ತು, ಹಲ್ಲೂ ಸೀಳ್ತು. ಆಸನಕ್ಕೋಗಿ ಕೀಳುಸ್ಕಂಡೆ. ತಪ್ಪು ನಂದು, ಕೆಟ್ಟೆಸ್ರು ಅವರ್ಗೆ ಬಂದಾತು ಅಂತ…"

"ರೈಲು?" ಎಂದಳು ಮಾದಮ್ಮ.

"ಅತ್ತಿ ಕೂತಿದ್ದೆ ಅಷ್ಟೇಯ. ಟಿಕೀಟೂ ತಗಂಡಿರ್ನಿಲ್ಲ."

ಅವನು ಡಾಕ್ಟರ ತಲೆಯ ಪಕ್ಕ ಮಂಡಿಯೂರಿ ಕೂತು, ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ, ಬಾಯನ್ನು ಅಗಲಿಸಿ ತೆಗೆದ. ಸಂಹಿತಾ ಮೊಬೈಲಿನ ಟಾರ್ಚು ಹಿಡಿದು ಬಗ್ಗಿ ನೋಡಿದಳು. ಎಡಗಡೆ ಖಾಲಿ ಒಸಡು ಹೊಳೆಯಿತು.

ಅವಳು ಬುಕ್ಕಿಗೆ ಸಿಕ್ಕಿಸಿದ್ದ ಅಪ್ಪನ ಪೆನ್ನು ತೆಗೆದು, ಆ ಕೊನೆಯ ಸಾಲಿನ ಕೆಳಗೆ ಬರೆದಳು: "ನೋಡಿದೆ."