ಹಲ್ಲು ನೋಯದ ಹೆಂಗಸು

ಬೇರೆಯವರ ಜಾಗಕ್ಕೆ ಹೋಗಿ ಕುರ್ಚಿ ಎಲ್ಲಿರಬೇಕು ಎಂದು ಹೇಳುವುದು ನನ್ನ ಕೆಲಸ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಇದಕ್ಕೂ ಯಾರಾದರೂ ದುಡ್ಡು ಕೊಡುತ್ತಾರಾ ಎನ್ನುತ್ತಾರೆ. ಕೊಡುತ್ತಾರೆ. ಜನ ಕಾಯುವ ಕೋಣೆಯನ್ನು ಸರಿಯಾಗಿ ಜೋಡಿಸಿದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಇದನ್ನೇ ನಂಬಿ ಪೀಠೋಪಕರಣದ ಕಂಪನಿಯ ನೌಕರಿ ಬಿಟ್ಟು, ‘ಸಲಹೆಗಾರ್ತಿ’ ಎಂದು ಕಾರ್ಡು ಅಚ್ಚು ಹಾಕಿಸಿದೆ. ಮೊದಲ ಇಬ್ಬರು ಗಿರಾಕಿಗಳಾದ ಮೇಲೆ ಫೋನು ಮೌನವ್ರತ ಹಿಡಿಯಿತು.

ಅಣ್ಣನಿಗೆ ಟೈಲ್ಸ್ ಅಂಗಡಿ ಇದೆ. ಈ ತಿಂಗಳೊಳಗೆ ಹೊಸ ಕೆಲಸ ಸಿಗದಿದ್ದರೆ ಅವನ ಗಲ್ಲಾದಲ್ಲಿ ಕೂರುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೆ. ಅವನು ಆಗಲೇ ನನಗಾಗಿ ಒಂದು ಡ್ರಾಯರ್ ಖಾಲಿ ಮಾಡಿಸಿ ಅದರ ಫೋಟೊ ಕಳಿಸಿದ್ದ. ಒಳ್ಳೆಯವನು, ಅದೇ ತಲೆನೋವು. ಕೆಟ್ಟವನಾಗಿದ್ದರೆ ಜಗಳವಾಡಿ ತಪ್ಪಿಸಿಕೊಳ್ಳಬಹುದಿತ್ತು.

ಮನೆಯಲ್ಲಿ ನನ್ನ ಜೊತೆಗಿರುವವಳು ಚಿಕ್ಕಮ್ಮ, ಅಮ್ಮನ ತಂಗಿ. ಎರಡು ವಾರದಿಂದ ಅವಳು ಬೆಳಿಗ್ಗೆ ತಿಂಡಿ ಮುಗಿಸಿ ಹೊರಟರೆ ಮಧ್ಯಾಹ್ನವೇ ಬರುತ್ತಿದ್ದಳು. ಎಲ್ಲಿಗೆ ಎಂದರೆ ವಾಕಿಂಗು. ಸಂಜೆ ಸೊಂಟಕ್ಕೆ ಮುಲಾಮು ತಿಕ್ಕಿಕೊಂಡು ಮನೆಯೆಲ್ಲ ಘಾಟು ಹಿಡಿಸುತ್ತಿದ್ದಳು. ಈ ವಯಸ್ಸಿನಲ್ಲಿ ಊರು ಅಳೆಯಲು ಹೋದರೆ ಇನ್ನೇನಾಗುತ್ತದೆ ಎಂದು ಬೈದೆ. ಎಂದೂ ಎದುರು ಮಾತಾಡದೆ ಬಿಡದವಳು ಅಂದು ಸುಮ್ಮನಿದ್ದಳು. ನನಗೆ ಅಲ್ಲೇ ಅನುಮಾನ ಬರಬೇಕಿತ್ತು.

ಕೊನೆಗೂ ಒಂದು ಫೋನು ಬಂತು. ಆ ಕಡೆ ಇದ್ದವರು ಹಲ್ಲಿನ ಡಾಕ್ಟರು. ಅವರ ಕ್ಲಿನಿಕ್ಕಿಗೆ ಹಲ್ಲುನೋವೇ ಇಲ್ಲದ ಹೆಂಗಸೊಬ್ಬರು ದಿನಾ ಬಂದು ಕೂರುತ್ತಾರಂತೆ. ಬೆಂಚು ಸರಿಯಿಲ್ಲ, ಗಾಳಿಯಿಲ್ಲ ಎಂದು ಪಕ್ಕದವರ ಕಿವಿಯಲ್ಲಿ ಊದುತ್ತಾರಂತೆ. ಕೇಳಿದವರು ಎದ್ದು ಹೋಗುತ್ತಾರಂತೆ. ಹಿರಿಯರು, ಹೊರಡಿ ಎನ್ನಲು ಬಾಯಿ ಬರುವುದಿಲ್ಲವಂತೆ. ಅಲ್ಲಿದ್ದ ವಾರಪತ್ರಿಕೆಯೊಳಗೆ ನನ್ನ ಕಾರ್ಡು ಸಿಕ್ಕಿತಂತೆ. ಕೋಣೆಯನ್ನು ಹೇಗಾದರೂ ಜೋಡಿಸಿ, ಆಕೆ ಐದೇ ನಿಮಿಷದಲ್ಲಿ ತಾವಾಗಿ ಎದ್ದು ಹೋಗುವಂತೆ ಮಾಡಿದರೆ ತಮ್ಮ ಇನ್ನೆರಡು ಕ್ಲಿನಿಕ್ಕುಗಳನ್ನೂ ನನಗೇ ಕೊಡುವುದಾಗಿ ಹೇಳಿದರು.

ಕಾಲು ನೆಲದ ಮೇಲೆ ನಿಲ್ಲದೆ ಓಡಿದೆ. ಕ್ಲಿನಿಕ್ಕಿನ ಬಾಗಿಲು ತಳ್ಳಿದರೆ ಬೆಂಚಿನ ನಟ್ಟನಡುವೆ ಚಿಕ್ಕಮ್ಮ. ನನ್ನನ್ನು ನೋಡಿದ್ದೇ ಪತ್ರಿಕೆ ಎತ್ತಿ ಮುಖ ಮುಚ್ಚಿಕೊಂಡಳು. ಅದು ತಲೆಕೆಳಗಾಗಿತ್ತು.

ಮನೆಯಲ್ಲಿ ವಿಚಾರಣೆ ನಡೆಸಿದೆ. ಪತ್ರಿಕೆಗಳೊಳಗೆ ಕಾರ್ಡು ತುರುಕಿದವಳೂ ಅವಳೇ.

“ಕಾಯಿಲೆ ನಾನು, ಔಷಧಿ ನೀನು. ಎರಡೂ ಒಂದೇ ಮನೇಲಿದ್ರೆ ತಪ್ಪೇನು?” ಎಂದಳು.

ಇದು ಶುದ್ಧ ಮೋಸ ಎಂದು ಕೂಗಾಡಿದೆ. ಬೆಂಚು ಕೆಟ್ಟದಾಗಿರುವುದು ಸುಳ್ಳಲ್ಲ, ಹೋಗಿ ನೀನೇ ಕೂತು ನೋಡು ಎಂದಳು. ಕೋಣೆಯನ್ನು ನಾನು ನಿಯತ್ತಾಗಿ ಸರಿಮಾಡುವುದು, ಅವಳು ಐದು ನಿಮಿಷಕ್ಕೆ ಎದ್ದು ಬರುವುದು, ಇದರಲ್ಲಿ ಯಾರಿಗೆ ನಷ್ಟ ಎಂದು ಕೇಳಿದಳು. ನನ್ನ ಕಣ್ಣ ಮುಂದೆ ಖಾಲಿ ಡ್ರಾಯರ್ ಬಂತು. ಅಳತೆ ಟೇಪು ಎತ್ತಿಕೊಂಡೆ.

ಕ್ಲಿನಿಕ್ಕಿಗೆ ಮರಳಿ ಆ ಬೆಂಚಿನ ಮೇಲೆ ಕೂತು ನೋಡಿದೆ. ಬೆಂಚಿನ ಪಟ್ಟಿಗಳು ಸೊಂಟವನ್ನೇ ಹುಡುಕಿಕೊಂಡು ಒತ್ತುತ್ತಿದ್ದವು. ಎದುರಿಗೆ ಚಿಕಿತ್ಸೆಯ ಕೋಣೆಯ ಬಾಗಿಲು. ಒಳಗಿನ ಕೊರೆಯುವ ಸದ್ದೆಲ್ಲ ಹೊರಗೆ, ಊದಿದ ಕೆನ್ನೆಗಳ ಮೆರವಣಿಗೆ ಕಣ್ಣೆದುರಿಗೆ. ಯಾರು ತಾನೇ ಕೂರುತ್ತಾರೆ? ಬೆಂಚನ್ನು ಚೀಲ ಇಡಲು ಮೂಲೆಗೆ ಸರಿಸಿದೆ. ಕೈಗಳಿರುವ ಕುರ್ಚಿ ತರಿಸಿ ಕಿಟಕಿಯತ್ತ ಮುಖಮಾಡಿ ಹಾಕಿಸಿದೆ. ಬಾಗಿಲ ಸಂದಿಗೆ ದಪ್ಪ ಬಟ್ಟೆಯ ಪಟ್ಟಿ ಹೊಡೆಸಿದೆ.

ಮರುದಿನ ಬೆಳಿಗ್ಗೆ ಡಾಕ್ಟರು ಗಡಿಯಾರ ನೋಡುತ್ತ ನಿಂತರು. ಚಿಕ್ಕಮ್ಮ ಬಂದಳು, ಕಿಟಕಿಯ ಪಕ್ಕ ಕೂತಳು. ಐದು ನಿಮಿಷವಾಯಿತು, ಹತ್ತಾಯಿತು, ಏಳಲಿಲ್ಲ. ಕೆಮ್ಮಿದೆ, ಪ್ರಯೋಜನವಾಗಲಿಲ್ಲ. ಹತ್ತಿರ ಹೋಗಿ ಬಗ್ಗಿ ನೋಡಿದರೆ ಮಹಾರಾಯ್ತಿ ನಿದ್ದೆ ಹೋಗಿದ್ದಳು.

ಒಂದು ಸಲ ಚಿವುಟಿದ್ದರೆ ಸಾಕಿತ್ತು. ಆದರೆ ಮುಲಾಮಿನ ಘಾಟು ಮೂಗಿಗೆ ಬಡಿಯಿತು. ಆ ಬೆಂಚಿನ ಮೇಲೆ ಎರಡು ವಾರ, ಆ ಸೊಂಟ ಇಟ್ಟುಕೊಂಡು ಇವಳು ಕೂತದ್ದು ನನಗಾಗಿ. ನಾನು ಬೈದಿದ್ದೆ. ಚಿವುಟಲು ಕೈ ಬರಲಿಲ್ಲ. ನೇರ ಡಾಕ್ಟರ ಹತ್ತಿರ ಹೋದೆ.

“ಅವರು ನನ್ನ ಚಿಕ್ಕಮ್ಮ. ಕಾರ್ಡ್ ಇಟ್ಟಿದ್ದೂ ಅವರೇ. ಈಗ ಅವರು ಏಳಲ್ಲ, ನಾನೂ ಎಬ್ಬಿಸಲ್ಲ,” ಎಂದೆ.

ಡಾಕ್ಟರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಆಮೇಲೆ ಅವರ ಕಣ್ಣು ಪಕ್ಕದ ಕುರ್ಚಿಯ ಮೇಲೆ ನಿಂತಿತು. ಅಲ್ಲೊಬ್ಬ ದಢೂತಿ ಯಜಮಾನರು ತಲೆ ಹಿಂದಕ್ಕೆ ಒರಗಿಸಿ ನಿದ್ದೆ ಮಾಡುತ್ತಿದ್ದರು.

“ಎಬ್ಬಿಸಬೇಡಿ,” ಎಂದರು ಡಾಕ್ಟರು ಮೆಲ್ಲಗೆ. “ಎರಡು ಸಲ ಹೆದರಿ ಓಡಿಹೋದ ಮನುಷ್ಯ. ಇವತ್ತು ಬಾಯಿ ತೆರ್ಕೊಂಡೇ ಕಾಯ್ತಿದಾರೆ.”

ಎರಡು ಕ್ಲಿನಿಕ್ಕುಗಳೂ ನನಗೇ ಸಿಕ್ಕವು. ಒಂದೇ ಷರತ್ತು, ನನಗಿಂತ ಮೊದಲು ಚಿಕ್ಕಮ್ಮ ಅಲ್ಲಿಗೆ ಹೋಗಿ ಕೂರಬಾರದು. ಡ್ರಾಯರಿನಲ್ಲಿ ಬೇರೇನಾದರೂ ಇಟ್ಟುಕೋ ಎಂದು ಅಣ್ಣನಿಗೆ ತಿಳಿಸಿದೆ.

ಹೊರಗೆ ಬಂದಾಗ ಅವಳು ಸೊಂಟ ಹಿಡಿದುಕೊಂಡು ನಡೆಯುತ್ತಿದ್ದಳು. ಕೈಹಿಡಿದುಕೊಂಡು, ಮೊದಲು ಮೂಳೆ ಡಾಕ್ಟರಿಗೆ ತೋರಿಸಿಕೊಂಡು ಬರೋಣ ಎಂದೆ. ಚಿಕ್ಕಮ್ಮ ತಕ್ಷಣ ಚೀಲದೊಳಗೆ ಕೈಹಾಕಿ ನನ್ನ ಕಾರ್ಡುಗಳ ಕಟ್ಟು ಇದೆಯೇ ಎಂದು ಮುಟ್ಟಿ ನೋಡಿಕೊಂಡಳು.

“ನಡಿ, ಈಗ್ಲೇ ಹೋಗೋಣ,” ಎಂದಳು. “ಈ ಸಲ ನೋವು ನಿಜವಾಗ್ಲೂ ಇದೆ.”